ಮಹಮೂದ್ ಗವಾನ್: ನಮ್ಮೂರಲ್ಲಿ ಫ್ರೀ ಯೂನಿವರ್ಸಿಟಿ ಕಟ್ಟಿದ ವ್ಯಾಪಾರಿ

ಬೀದರಿನ ಚೌಬಾರಾದಿಂದ ಕೋಟೆ ಕಡೆ ನಡೆದರೆ ದಾರಿಯಲ್ಲೇ ಒಂದು ದೊಡ್ಡ ಮಿನಾರು ಕಾಣುತ್ತದೆ. ಮೈಮೇಲೆ ಅಲ್ಲಲ್ಲಿ ಉಳಿದ ಬಣ್ಣದ ಟೈಲ್ಸ್, ಪಕ್ಕದಲ್ಲಿ ಅರ್ಧ ಬಿದ್ದುಹೋದ ಮುಂಗೋಡೆ. ಬೇರೆ ಊರಿನಿಂದ ಫ್ರೆಂಡ್ಸ್ ಬಂದರೆ ನಾವು ಮೊದಲು ಕರೆದುಕೊಂಡು ಹೋಗುವುದೇ ಇಲ್ಲಿಗೆ. ಫೋಟೋ ತೆಗೀತೀವಿ, ರೀಲ್ಸ್ ಮಾಡ್ತೀವಿ, ಬರ್ತೀವಿ. ಇದು ಹಾಸ್ಟೆಲ್, ಮೆಸ್, ಲೈಬ್ರರಿ ಎಲ್ಲಾ ಇದ್ದ ಒಂದು ಕಾಲೇಜು, ಇಲ್ಲಿ ಗಣಿತವೂ ಖಗೋಳವೂ ಸಿಲಬಸ್‌ನಲ್ಲಿ ಇದ್ದವು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಮ್ಯಾಥ್ಸ್ ಪೇಪರ್ ಹತ್ತಿರ ಬಂದಾಗ ಫ್ರೀ ಆನ್‌ಲೈನ್ ಕೋರ್ಸ್ ಹುಡುಕುವ ನಮಗೆ, ಇದನ್ನು ಕಟ್ಟಿಸಿದವನ ಕಥೆ ಗೊತ್ತಿರಬೇಕು.

ಮಹಮೂದ್ ಗವಾನ್ ಹುಟ್ಟಿದ್ದು 1411ರಲ್ಲಿ, ಇರಾನಿನ ಗಿಲಾನ್ ಪ್ರಾಂತ್ಯದಲ್ಲಿ. ಮನೆತನದವರು ಅಲ್ಲಿನ ಆಸ್ಥಾನದಲ್ಲಿ ಮಂತ್ರಿಗಳಾಗಿದ್ದವರು. ಆದರೆ ಆಸ್ಥಾನದ ಒಳಜಗಳ ಇವನನ್ನು ಊರು ಬಿಡುವಂತೆ ಮಾಡಿತು. ಹೊಟ್ಟೆಪಾಡಿಗೆ ವ್ಯಾಪಾರ ಹಿಡಿದ. ವ್ಯಾಪಾರಕ್ಕೆ ಹೋದ ಊರುಗಳಲ್ಲೆಲ್ಲಾ ದೊಡ್ಡ ವಿದ್ವಾಂಸರನ್ನು ಹುಡುಕಿಕೊಂಡು ಹೋಗುವುದು ಅವನ ರೂಢಿ. ಸರ್ಟಿಫಿಕೇಟ್‌ಗಾಗಿ ಅಲ್ಲ, ರಾಜನ ಕೆಲಸಕ್ಕಾಗಿಯೂ ಅಲ್ಲ. ಫಾರ್ಸಿ ಗದ್ಯದಲ್ಲಿ ದೊಡ್ಡ ಹೆಸರು ಮಾಡಿದ, ಗಣಿತದಲ್ಲೂ ಒಳ್ಳೆಯ ತಿಳಿವಳಿಕೆ ಪಡೆದ. ಪತ್ರ ಬರೆಯುವ ಕಲೆಯ ಮೇಲೆ ಒಂದು ಪುಸ್ತಕ ಬರೆದ. ಅವನ ಪತ್ರಗಳ ಸಂಗ್ರಹ ಇವತ್ತಿಗೂ ಉಳಿದಿದೆ.

ಆ ಕಾಲದ ಗಣಿತ ಎಲ್ಲಿಗೆ ಮುಟ್ಟಿತ್ತು ನೋಡ್ರಿ. 1420ರ ಹೊತ್ತಿಗೆ ಸಮರ್‌ಕಂದ್‌ನಲ್ಲಿ ಉಲುಗ್ ಬೇಗ್ ಎಂಬ ದೊರೆ ಒಂದು ಮದರಸಾ ಕಟ್ಟಿಸಿದ್ದ, ಜೊತೆಗೆ ವೀಕ್ಷಣಾಲಯವನ್ನೂ ಎಬ್ಬಿಸಿದ. ಅಲ್ಲಿದ್ದ ಅಲ್ ಕಾಶಿ 1424ರಲ್ಲಿ ಪೈ ಬೆಲೆಯನ್ನು 16 ದಶಮಾಂಶ ಸ್ಥಾನದವರೆಗೆ ಲೆಕ್ಕ ಹಾಕಿದ, ಕ್ಯಾಲ್ಕ್ಯುಲೇಟರ್ ಇಲ್ಲದೆ. ಆಗ ಗವಾನ್ 13 ವರ್ಷದ ಹುಡುಗ. ನಮ್ಮ ಕಡೆಯೂ ಏನು ಕಮ್ಮಿ ಇರಲಿಲ್ಲ. ಪಕ್ಕದ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಕಾಲದಲ್ಲಿ, 9ನೇ ಶತಮಾನದಲ್ಲೇ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದಿದ್ದ. ಬಹಮನಿ ಸುಲ್ತಾನ ಫಿರೋಜ್ ಶಾಹ 1407ರಲ್ಲಿ ದೌಲತಾಬಾದ್ ಹತ್ತಿರ ಒಂದು ವೀಕ್ಷಣಾಲಯ ಶುರು ಮಾಡಿಸಿದ್ದ. ಅದರ ಹೊಣೆ ಹೊತ್ತ ವಿದ್ವಾಂಸ ತೀರಿಕೊಂಡ, ಕೆಲಸ ಅರ್ಧಕ್ಕೇ ನಿಂತುಹೋಯಿತು. ಒಬ್ಬನ ಮೇಲೆ ನಿಂತ ಕಲಿಕೆ ಆ ಒಬ್ಬ ಹೋದರೆ ನಿಲ್ಲುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿರಲಿ.

1453ರಲ್ಲಿ ಗವಾನ್ ಕೊಂಕಣದ ದಾಭೋಳ ಬಂದರಿಗೆ ಬಂದಿಳಿದ. ವಯಸ್ಸು 42. ಅಲ್ಲಿಂದ ಬೀದರಿಗೆ ಬಂದ. ವ್ಯಾಪಾರ ಮಾಡಿ ಮುಂದೆ ಹೋಗಬೇಕಾದವನು ಇಲ್ಲೇ ಉಳಿದ. ಸುಲ್ತಾನ ಅಲಾವುದ್ದೀನ್ ಅಹ್ಮದ್ ಅವನ ಬುದ್ಧಿ ನೋಡಿ ಆಸ್ಥಾನಕ್ಕೆ ತೆಗೆದುಕೊಂಡ. ಮುಂದಿನ ಸುಲ್ತಾನ ಹುಮಾಯೂನ್ ಮಲಿಕ್-ಉತ್-ತುಜ್ಜಾರ್, ಅಂದರೆ ವ್ಯಾಪಾರಿಗಳ ಒಡೆಯ ಎಂಬ ಬಿರುದು ಕೊಟ್ಟ. 1461ರಲ್ಲಿ ಹುಮಾಯೂನ್ ಸತ್ತಾಗ ಪಟ್ಟಕ್ಕೆ ಬಂದವನು ಎಂಟು ವರ್ಷದ ಹುಡುಗ. ರಾಜಮಾತೆ ಮತ್ತು ಇನ್ನೊಬ್ಬ ಮಂತ್ರಿಯ ಜೊತೆ ಸೇರಿ ಗವಾನ್ ರಾಜ್ಯ ನೋಡಿಕೊಂಡ. ಆ ಹುಡುಗನೂ ಎರಡೇ ವರ್ಷದಲ್ಲಿ ತೀರಿಕೊಂಡು, ತಮ್ಮ ಮೂರನೇ ಮಹಮ್ಮದ್ ಸುಲ್ತಾನನಾದ. ಅವನ ಕಾಲದಲ್ಲಿ ಗವಾನ್ ಪ್ರಧಾನಮಂತ್ರಿ. 1472ರಲ್ಲಿ ಗೋವಾ ಗೆದ್ದ. ಹೊಲಗಳನ್ನು ಅಳೆಸಿ, ಅಳತೆಯ ಮೇಲೆ ಕಂದಾಯ ಗೊತ್ತು ಮಾಡಿಸಿದ. ನಾಲ್ಕು ದೊಡ್ಡ ಪ್ರಾಂತ್ಯಗಳನ್ನು ಎಂಟು ಮಾಡಿ ಸರದಾರರ ಬಲ ಕಮ್ಮಿ ಮಾಡಿದ. ಇದೇ ಮುಂದೆ ಅವನ ಕುತ್ತಿಗೆಗೆ ಬಂತು.

1472ರ ಹೊತ್ತಿಗೇ ಮದರಸಾ ಎದ್ದು ನಿಂತಿತು. ಉದ್ದ 205 ಅಡಿ, ಅಗಲ 180 ಅಡಿ. ಗುಣಿಸಿದರೆ 36,900 ಚದರ ಅಡಿ, ನಮ್ಮ ಹೊಲದ ಲೆಕ್ಕದಲ್ಲಿ ಸುಮಾರು 34 ಗುಂಟೆ. ಒಂದು ಎಕರೆಯೂ ಇಲ್ಲ! ಅಷ್ಟರಲ್ಲೇ ಮೂರು ಅಂತಸ್ತು, ಮಸೀದಿ, ಪಾಠದ ಹಾಲ್‌ಗಳು, 3,000 ಹಸ್ತಪ್ರತಿಗಳ ಲೈಬ್ರರಿ, ವಿದ್ಯಾರ್ಥಿಗಳಿಗೆ 36 ಕೋಣೆ, ಗುರುಗಳಿಗೆ 6 ಮನೆ. ಭಾಗಿಸಿ ನೋಡಿದರೆ ಆರು ಕೋಣೆಗೆ ಒಂದು ಗುರುವಿನ ಮನೆ. ರಾತ್ರಿ ಲೆಕ್ಕ ಬಿಡಿಸುವಾಗ ಸಿಕ್ಕಿಬಿದ್ದರೆ ಅಂಗಳ ದಾಟಿ ಹೋಗಿ ಬಾಗಿಲು ಬಡಿಯಬಹುದಿತ್ತು. ಓದುವವರಿಗೆ ಊಟ, ವಸತಿ ಉಚಿತ. ಪಾಠ ಹೇಳಲು ದೂರದ ದೇಶಗಳ ವಿದ್ವಾಂಸರನ್ನು ಗವಾನ್ ಪತ್ರ ಬರೆದು ಕರೆದ. ಹೇರಾತಿನ ಕವಿ ಜಾಮಿಯನ್ನೂ ಕರೆದಿದ್ದ. ಜಾಮಿ ಬರಲಿಲ್ಲ, ಪತ್ರವ್ಯವಹಾರ ಮಾತ್ರ ನಡೆಯಿತು. ಬಂದವರು ಬಂದರು.

ಎಲ್ಲರಿಗೂ ಬಾಗಿಲು ತೆರೆದಿತ್ತು ಅಂತ ಹೇಳಿದರೆ ಮಾತ್ರ ಸುಳ್ಳಾಗುತ್ತದೆ. ಅದೇ ವರ್ಷಗಳಲ್ಲಿ ಬೀದರಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್, ಇಲ್ಲಿನ ಸರದಾರರು ವೈಭವದಲ್ಲಿದ್ದಾರೆ, ಹಳ್ಳಿಯ ಜನ ಬಹಳ ಬಡವರು ಎಂಬ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಮದರಸಾದ ಭಾಷೆ ಅರಬ್ಬಿ ಮತ್ತು ಫಾರ್ಸಿ. ಔರಾದ್, ಭಾಲ್ಕಿ ಕಡೆಯ ಹೊಲಗಳಲ್ಲಿ ದುಡಿಯುವವರ ಮಕ್ಕಳು ಆ ಮೆಟ್ಟಿಲು ಹತ್ತುವುದು ಸುಲಭ ಇರಲಿಲ್ಲ.

ಇನ್ನು ಅವನ ಕೊನೆ. ಅಧಿಕಾರ ಕಳೆದುಕೊಂಡ ಸರದಾರರು ಗವಾನ್‌ನ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ ಒರಿಸ್ಸಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಸುಳ್ಳು ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. ಸುಲ್ತಾನ ವಿಚಾರಣೆಯನ್ನೇ ಮಾಡಲಿಲ್ಲ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಬೀಡಿನಲ್ಲಿ 70 ವರ್ಷದ ಗವಾನ್‌ನ ತಲೆ ಕಡಿಸಿದ. ಆಮೇಲೆ ಪ್ರಧಾನಿಯ ಖಜಾನೆ ಹುಡುಕಿಸಿದರೆ ಸಿಕ್ಕಿದ್ದು ಬಹಳ ಕಮ್ಮಿ. ಗಳಿಸಿದ್ದನ್ನು ದಾನಕ್ಕೆ, ಮದರಸಾಕ್ಕೆ, ಪುಸ್ತಕಕ್ಕೆ ಹಾಕಿ, ತಾನು ಮಣ್ಣಿನ ಪಾತ್ರೆಯಲ್ಲಿ ಉಂಡು ಚಾಪೆಯ ಮೇಲೆ ಮಲಗುತ್ತಿದ್ದ ಮನುಷ್ಯ ಅಂತ ಆಗ ತಿಳಿಯಿತು. ಸುಲ್ತಾನ ಪಶ್ಚಾತ್ತಾಪಪಟ್ಟ, ಮರುವರ್ಷ ಅವನೂ ಸತ್ತ. ಬಹಮನಿ ರಾಜ್ಯ ಒಡೆದು ಐದು ಹೋಳಾಯಿತು.

ಆದರೆ ಮದರಸಾ ನಡೆದುಕೊಂಡೇ ಬಂತು. ಕಟ್ಟಿಸಿದವನು ಹೋದ ಮೇಲೂ 200 ವರ್ಷದ ಮೇಲೆ ಆ ಕಟ್ಟಡ ಗಟ್ಟಿಯಾಗಿ ನಿಂತಿತ್ತು. 17ನೇ ಶತಮಾನದ ಕೊನೆಗೆ, ಮೊಘಲರ ಕಾಲದಲ್ಲಿ, ಸ್ಫೋಟವಾಗಿ ಒಂದು ಮಿನಾರು ಮತ್ತು ಮುಂಗೋಡೆಯ ಭಾಗ ಬಿದ್ದುಹೋಯಿತು. ಇದೀಗ ನಮಗೆ ಕಾಣುವುದು ಅದರ ಉಳಿಕೆ. ಫಿರೋಜ್ ಶಾಹನ ವೀಕ್ಷಣಾಲಯ ಒಬ್ಬ ಸತ್ತಿದ್ದಕ್ಕೆ ನಿಂತಿತ್ತು. ಇಲ್ಲಿ ಕೋಣೆ, ಊಟ, ಗುರು, ಜೊತೆಗಾರ ಎಲ್ಲಾ ಒಂದೇ ಅಂಗಳದಲ್ಲಿ ಸೇರಿದ್ದವು.

ಈಗ ನಮ್ಮ ಕಡೆ ಬರೋಣ. 3,000 ಹಸ್ತಪ್ರತಿ ಕೂಡಿಸಲು ಗವಾನ್‌ಗೆ ಎಷ್ಟು ಹಡಗು, ಎಷ್ಟು ಒಂಟೆ ಬೇಕಾಗಿತ್ತೋ! ನಮಗೆ ಒಂದು ಮೊಬೈಲ್ ಸಾಕು. ಎಂಐಟಿಯವರು 2001ರಲ್ಲಿ ತಮ್ಮ ಪಾಠಗಳನ್ನೆಲ್ಲಾ ಉಚಿತವಾಗಿ ಕೊಡುವುದಾಗಿ ಘೋಷಿಸಿದರು. ಗಿಲ್ಬರ್ಟ್ ಸ್ಟ್ರಾಂಗ್ ಅವರ ಲೀನಿಯರ್ ಆಲ್ಜೀಬ್ರಾ ಪಾಠಗಳನ್ನು ಔರಾದದ ಬಸ್ಸಿನಲ್ಲಿ ಕೂತೂ ನೋಡಬಹುದು. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಎನ್‌ಪಿಟೆಲ್ ಶುರು ಮಾಡಿದವು. ಪಾಠ, ವಾರದ ಅಸೈನ್‌ಮೆಂಟ್ ಎಲ್ಲಾ ಫ್ರೀ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಫೀ. ಯಾವ ಜಾಮಿಯೂ ಬರಲ್ಲ ಅನ್ನುವಂತಿಲ್ಲ, ಎಲ್ಲರೂ ಬಂದು ಜೇಬಿನಲ್ಲೇ ಕೂತಿದ್ದಾರೆ.

ಆದರೂ ನಮ್ಮಲ್ಲಿ ಬಹಳ ಜನ ಮೂರನೇ ವಿಡಿಯೋಗೇ ನಿಲ್ಲುತ್ತೇವೆ. ಕಾರಣ ಸೋಮಾರಿತನ ಒಂದೇ ಅಲ್ಲ. ನಮಗೆ ಸಿಕ್ಕಿರುವುದು ಗವಾನ್‌ನ ಲೈಬ್ರರಿ ಮಾತ್ರ, ಅವನ 36 ಕೋಣೆ ಸಿಕ್ಕಿಲ್ಲ. ತಪ್ಪು ಎಲ್ಲಾಯಿತು ಅಂತ ತೋರಿಸಲು ಪಕ್ಕದಲ್ಲಿ ಯಾರೂ ಇಲ್ಲ. ಭಾಷೆಯ ತೊಡಕೂ ಹೋಗಿಲ್ಲ, ಫಾರ್ಸಿ ಇದ್ದ ಜಾಗಕ್ಕೆ ಇಂಗ್ಲಿಷ್ ಬಂದಿದೆ ಅಷ್ಟೇ. ಹತ್ತನೇ ಕ್ಲಾಸಿನವರೆಗೆ ವರ್ಗ ಸಮೀಕರಣ, ಸಮಾಂತರ ಶ್ರೇಢಿ, ತ್ರಿಕೋನಮಿತಿ ಅಂತ ಕನ್ನಡದಲ್ಲಿ ಚೆನ್ನಾಗಿ ಕಲಿತು ಬಂದ ಗೆಳೆಯ, ಗೆಳತಿಯರಿಗೆ ಗಣಿತ ಕಷ್ಟವಲ್ಲ, ಆ ವೇಗದ ಇಂಗ್ಲಿಷ್ ಕಷ್ಟ. ನಮ್ಮಂಥ ಇಂಗ್ಲಿಷ್ ಮೀಡಿಯಂನವರು ಇಲ್ಲಿ ಸ್ವಲ್ಪ ಕೆಲಸಕ್ಕೆ ಬರಬಹುದು. ಎಷ್ಟೋ ಸಲ ಲೆಕ್ಕ ಅವರಿಗೇ ಮೊದಲು ಹೊಳೆಯುತ್ತದೆ, ಹಾಗಾಗಿ ಲಾಭ ಎರಡೂ ಕಡೆ.

ಗವಾನ್ ಹಾಗೆ ಕಟ್ಟಡ ಎಬ್ಬಿಸಲು ನಮ್ಮ ಹತ್ತಿರ ದುಡ್ಡಿಲ್ಲ, ಬೇಕಾಗಿಯೂ ಇಲ್ಲ. ಆರು ಜನ, ಸಂಜೆ ಖಾಲಿ ಇರುವ ಒಂದು ಕ್ಲಾಸ್‌ರೂಮ್, ಒಂದು ಬೋರ್ಡ್. ವಾರಕ್ಕೆ ಎರಡು ಪಾಠ, ಜಾಸ್ತಿ ಬೇಡ. ವಿಡಿಯೋ ನಿಲ್ಲಿಸಿ ಮುಂದಿನ ಹೆಜ್ಜೆಯನ್ನು ಮೊದಲು ಕಾಗದದ ಮೇಲೆ ತಾವೇ ಬಿಡಿಸಬೇಕು, ಆಮೇಲೆ ಪ್ಲೇ ಒತ್ತಬೇಕು. ವಾರದ ಕೊನೆಗೆ ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದಬೇಕು. ಆರು ಜನರಿಗೂ ಬಗೆಹರಿಯದ್ದನ್ನು ಒಂದು ಹಾಳೆಯಲ್ಲಿ ಬರೆದು ಮ್ಯಾಥ್ಸ್ ಸರ್ ಅಥವಾ ಮೇಡಂ ಹತ್ತಿರ ಒಯ್ಯಬೇಕು. ಭಾಲ್ಕಿಗೆ, ಔರಾದಿಗೆ ದಿನಾ ಓಡಾಡುವವರಿಗೆ ಕೊನೆಯ ಬಸ್ಸು ತಪ್ಪದ ಹಾಗೆ ಟೈಮ್ ಇಡಬೇಕು. ಮುಂದಿನ ವರ್ಷ ಈ ಆರು ಜನ ಮೂರನೇ ವರ್ಷಕ್ಕೆ ಹೋದಾಗ ಜೂನಿಯರ್ಸ್‌ಗೆ ಆ ರೂಮು, ಆ ನೋಟ್ಸು ಕೊಟ್ಟು ಹೋಗಬೇಕು.

ಈ ಸೆಮಿಸ್ಟರ್‌ನಲ್ಲಿ ಒಂದು ಭಾನುವಾರ ಮದರಸಾಕ್ಕೆ ಹೋಗಿ ಬನ್ರಿ. ಫೋಟೋ ತೆಗೆದ ಮೇಲೆ ಒಳಗೆ ಹೋಗಿ, ಉಳಿದಿರುವ ಕೋಣೆಗಳನ್ನು ಒಮ್ಮೆ ಎಣಿಸಿ ನೋಡ್ರಿ.