ಡಾ. ದೌಲತ್ ಸಿಂಗ್ ಕೊಠಾರಿ: ನಕ್ಷತ್ರಗಳ ಗರ್ಭದಿಂದ ಸ್ಯಾದ್ವಾದದವರೆಗೆ

ಶಿಕ್ಷಣದ ಮಾತು ಬಂದಾಗಲೆಲ್ಲ ಕೊಠಾರಿ ಆಯೋಗದ ಹೆಸರು ಕೇಳಿಬರುತ್ತದೆ. ಹತ್ತು ವರ್ಷ ಶಾಲೆ, ಎರಡು ವರ್ಷ ಪಿಯುಸಿ ಹಂತ, ಮೂರು ವರ್ಷ ಪದವಿ ಎಂಬ ಕ್ರಮವನ್ನು ದೇಶಕ್ಕೆ ಶಿಫಾರಸು ಮಾಡಿದ್ದು ಅದೇ ಆಯೋಗ. ಅದರ ಅಧ್ಯಕ್ಷರು ಮೂಲತಃ ಸೈದ್ಧಾಂತಿಕ ಭೌತವಿಜ್ಞಾನಿ, ರಾಜಸ್ಥಾನದ ಜೈನ ಮನೆತನದವರು ಎಂಬುದು ಅಷ್ಟಾಗಿ ತಿಳಿದಿಲ್ಲ. ಅಹಿಂಸೆಯನ್ನು ನಂಬಿದ ಈ ವಿಜ್ಞಾನಿ ಹದಿಮೂರು ವರ್ಷ ದೇಶದ ರಕ್ಷಣಾ ಇಲಾಖೆಗೆ ವೈಜ್ಞಾನಿಕ ಸಲಹೆಗಾರರಾಗಿದ್ದರು ಎಂಬುದಂತೂ ಇನ್ನೂ ಕಡಿಮೆ ಜನರಿಗೆ ಗೊತ್ತು.

ಉದಯಪುರದಿಂದ ಕೇಂಬ್ರಿಡ್ಜ್‌ಗೆ

ದೌಲತ್ ಸಿಂಗ್ ಕೊಠಾರಿಯವರು ಜನಿಸಿದ್ದು 1906ರ ಜುಲೈ 6ರಂದು, ಮೇವಾಡ ಸಂಸ್ಥಾನದ ಉದಯಪುರದಲ್ಲಿ. ತಂದೆ ಶಾಲಾ ಶಿಕ್ಷಕರು. ಬಾಲ್ಯದಲ್ಲಿಯೇ ತಂದೆ ತೀರಿಕೊಂಡಾಗ ಅವರ ಮಿತ್ರರಾದ ಇಂದೋರಿನ ಸಿರೇಮಲ್ ಬಾಪ್ನಾ ಅವರು ಹುಡುಗನನ್ನು ಕರೆಸಿಕೊಂಡು ಓದಿಸಿದರು. ಮುಂದೆ ಮೇವಾಡ ಸಂಸ್ಥಾನದ ವಿದ್ಯಾರ್ಥಿವೇತನದ ನೆರವಿನಿಂದ ಅಲಹಾಬಾದ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಗುರುಗಳಾಗಿ ದೊರೆತವರು ಮೇಘನಾದ ಸಹಾ. 1928ರಲ್ಲಿ ಎಂ.ಎಸ್ಸಿ. ಮುಗಿಸಿ, 1930ರಲ್ಲಿ ಕೇಂಬ್ರಿಡ್ಜ್‌ಗೆ ತೆರಳಿದರು. ಆರ್.ಎಚ್. ಫೌಲರ್ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದು ಮರಳಿದ ಅವರು 1934ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಸೇರಿದರು. ಆಗಿನ್ನೂ ಚಿಕ್ಕದಾಗಿದ್ದ ಆ ವಿಭಾಗವನ್ನು ಕಟ್ಟಿ ಬೆಳೆಸಿದವರು ಅವರೇ.

ಕಾಗದ, ಪೆನ್ನು ಮತ್ತು ಗ್ರಹಗಳು

ಶಾಖ ಹೆಚ್ಚಾದರೆ ಪರಮಾಣುವಿನಿಂದ ಎಲೆಕ್ಟ್ರಾನುಗಳು ಬೇರ್ಪಡುತ್ತವೆ. ನಕ್ಷತ್ರಗಳಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಗುರು ಸಹಾ 1920ರಲ್ಲಿ ಸಮೀಕರಣ ಕೊಟ್ಟಿದ್ದರು. ಶಿಷ್ಯರು ಎತ್ತಿಕೊಂಡ ಪ್ರಶ್ನೆ ಬೇರೆ. ಶಾಖವಿಲ್ಲದ ತಣ್ಣನೆಯ ವಸ್ತುವಿನಲ್ಲಿ ಕೇವಲ ಒತ್ತಡದಿಂದ ಎಲೆಕ್ಟ್ರಾನುಗಳು ಬಿಡುಗಡೆಯಾಗುವುದು ಹೇಗೆ? ಪರಮಾಣುಗಳನ್ನು ಒಂದಕ್ಕೊಂದು ತೀರಾ ಹತ್ತಿರ ಒತ್ತಿದರೆ, ಎಲೆಕ್ಟ್ರಾನುಗಳು ಯಾವುದೋ ಒಂದು ಪರಮಾಣುವಿಗೆ ಅಂಟಿಕೊಂಡಿರಲು ಜಾಗವೇ ಉಳಿಯುವುದಿಲ್ಲ. 1930ರ ದಶಕದಲ್ಲಿ ಅವರು ರೂಪಿಸಿದ ಈ ಒತ್ತಡ-ಅಯಾನೀಕರಣ ಸಿದ್ಧಾಂತ ಎರಡು ಕಡೆ ಬೆಳಕು ಚೆಲ್ಲಿತು.

ಒಂದು, ಇಂಧನ ತೀರಿ ಕುಗ್ಗಿದ ಶ್ವೇತ ಕುಬ್ಜ ನಕ್ಷತ್ರಗಳು. ಅವುಗಳ ಒಂದು ಚಮಚ ವಸ್ತು ಹಲವು ಟನ್ ತೂಗುತ್ತದೆ. ಇನ್ನೊಂದು, ನಮ್ಮ ಸೌರಮಂಡಲದ ಗ್ರಹಗಳು. ತಣ್ಣನೆಯ ಗ್ರಹಕ್ಕೆ ವಸ್ತು ಸೇರುತ್ತಾ ಹೋದರೆ ಅದು ಸದಾ ದೊಡ್ಡದಾಗುತ್ತಲೇ ಹೋಗುವುದಿಲ್ಲ. ಒಂದು ಮಿತಿಯ ನಂತರ ತನ್ನದೇ ಭಾರಕ್ಕೆ ಒಳಗಿನ ಪರಮಾಣುಗಳು ಜಜ್ಜಿಹೋಗಿ, ಗ್ರಹ ಕುಗ್ಗತೊಡಗುತ್ತದೆ. ಆ ಮಿತಿ ಸುಮಾರಾಗಿ ಗುರುಗ್ರಹದ ಗಾತ್ರ ಎಂದು ಅವರ ಲೆಕ್ಕ ತೋರಿಸಿತು. ಇದಕ್ಕೆ ದೂರದರ್ಶಕ ಬೇಕಾಗಲಿಲ್ಲ, ಗಣಿತ ಸಾಕಾಯಿತು.

1946ರಲ್ಲಿ ಅವರು ಎಫ್.ಸಿ. ಔಲಕ್ ಅವರೊಂದಿಗೆ ಸಂಖ್ಯೆಗಳ ವಿಭಜನೆಯ ಕುರಿತು ಪ್ರಬಂಧ ಪ್ರಕಟಿಸಿದರು. 4 ಎಂಬ ಸಂಖ್ಯೆಯನ್ನು ಕೂಡುಸಂಖ್ಯೆಗಳಾಗಿ 5 ಬಗೆಯಲ್ಲಿ ಒಡೆಯಬಹುದು. 100 ಅನ್ನು ಒಡೆಯುವ ಬಗೆಗಳು 19,05,69,292. ರಾಮಾನುಜನ್ ಮತ್ತು ಹಾರ್ಡಿ ಬಿಡಿಸಿದ್ದ ಈ ಗಣಿತಕ್ಕೂ, ಕಣಗಳು ತಮ್ಮೊಳಗೆ ಶಕ್ತಿಯನ್ನು ಹಂಚಿಕೊಳ್ಳುವ ಬಗೆಗೂ ಇರುವ ನಂಟನ್ನು ಇಬ್ಬರೂ ವಿವರಿಸಿದರು.

ರಕ್ಷಣಾ ಇಲಾಖೆಯಲ್ಲಿ

1948ರಲ್ಲಿ ಸ್ವತಂತ್ರ ಭಾರತದ ರಕ್ಷಣಾ ಸಚಿವರಿಗೆ ವೈಜ್ಞಾನಿಕ ಸಲಹೆಗಾರರಾಗಿ ಕೊಠಾರಿಯವರು ನೇಮಕಗೊಂಡರು. 1961ರವರೆಗೆ ಆ ಹೊಣೆ ಹೊತ್ತರು. ಇಂದಿನ ಡಿಆರ್‌ಡಿಒ ಸಂಸ್ಥೆಗೆ ತಳಹದಿ ಬಿದ್ದದ್ದು ಆ ವರ್ಷಗಳಲ್ಲಿಯೇ.

1954ರ ಮಾರ್ಚ್‌ನಲ್ಲಿ ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿಯಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ನಡೆಸಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿ ದೋಣಿಯ 23 ಮಂದಿಯ ಮೇಲೆ ವಿಕಿರಣದ ಬೂದಿ ಸುರಿಯಿತು. ಅವರಲ್ಲಿ ಒಬ್ಬರು ಅದೇ ವರ್ಷ ಅಸುನೀಗಿದರು. ಇಂಥ ಸ್ಫೋಟಗಳಿಂದ ಜನರಿಗೆ ಆಗುವುದೇನು ಎಂಬುದನ್ನು ಸಾಮಾನ್ಯರಿಗೂ ತಿಳಿಯುವಂತೆ ಬರೆಸುವ ಕೆಲಸವನ್ನು ಪ್ರಧಾನಿ ನೆಹರೂ ಇವರಿಗೆ ಒಪ್ಪಿಸಿದರು. 1956ರಲ್ಲಿ ಪರಮಾಣು ಸ್ಫೋಟಗಳು ಮತ್ತು ಅವುಗಳ ಪರಿಣಾಮಗಳ ಕುರಿತ ಇಂಗ್ಲಿಷ್ ಗ್ರಂಥ ನೆಹರೂ ಅವರ ಮುನ್ನುಡಿಯೊಂದಿಗೆ ಹೊರಬಂತು. ಶಾಖ, ಆಘಾತದ ಅಲೆ, ಮೂಳೆಗೆ ಇಳಿಯುವ ವಿಕಿರಣ, ಮುಂದಿನ ಪೀಳಿಗೆಗೆ ದಾಟುವ ಹಾನಿ, ಎಲ್ಲವೂ ಅದರಲ್ಲಿ ಅಂಕಿಅಂಶಗಳೊಂದಿಗೆ ದಾಖಲಾದವು. ರಕ್ಷಣಾ ಇಲಾಖೆಯ ವಿಜ್ಞಾನಿಯೊಬ್ಬರು ಅಹಿಂಸೆಗೆ ಸಲ್ಲಿಸಿದ ದೊಡ್ಡ ಸೇವೆ ಇದು.

ಸ್ಯಾದ್ವಾದ ಮತ್ತು ಪರಮಾಣು

ಜೈನ ದರ್ಶನದ ಸ್ಯಾದ್ವಾದವನ್ನು ಆಧುನಿಕ ಭೌತಶಾಸ್ತ್ರದ ಜೊತೆಗಿಟ್ಟು ಅವರು ಹಲವು ಲೇಖನ ಬರೆದರು. 1985ರಲ್ಲಿ ನೀಲ್ಸ್ ಬೋರ್ ಶತಮಾನೋತ್ಸವ ಸಂಪುಟಕ್ಕೆ ಬರೆದ ಪ್ರಬಂಧ ಅವುಗಳಲ್ಲಿ ಪ್ರಮುಖ. ಅವರು ಕೊಟ್ಟ ಉದಾಹರಣೆ ಸರಳ. ಒಂದು ಪೆಟ್ಟಿಗೆ, ನಡುವೆ ತಡಿಕೆ, ತಡಿಕೆಯಲ್ಲಿ ಒಂದು ರಂಧ್ರ, ಒಳಗೆ ಒಂದು ಪರಮಾಣು. ಅದು ಎಡಗಡೆ ಇದೆಯೇ, ಬಲಗಡೆ ಇದೆಯೇ? ನೋಡುವ ಮುನ್ನ ಅದರ ಸ್ಥಿತಿಯನ್ನು ಇದೆ ಅಥವಾ ಇಲ್ಲ ಎಂಬ ದಿನಬಳಕೆಯ ಮಾತಿನಲ್ಲಿ ಹೇಳಲಾಗದು. ಸಪ್ತಭಂಗಿಯ ಅವಕ್ತವ್ಯ ಎಂಬ ಪದಕ್ಕೆ ಅವರು ಇಲ್ಲಿ ಹೊಸ ಅರ್ಥಸಾಧ್ಯತೆ ಕಂಡರು. ಆಚಾರ್ಯರು ಕ್ವಾಂಟಂ ಸಮೀಕರಣ ಬರೆದಿದ್ದರು ಎಂದು ಇದರ ಅರ್ಥವಲ್ಲ. ಸತ್ಯದ ಒಂದು ಮುಖವನ್ನೇ ಪೂರ್ಣ ಸತ್ಯವೆಂದು ಹಟ ಹಿಡಿಯಬಾರದೆಂಬ ಅನೇಕಾಂತ ದೃಷ್ಟಿಗೂ ಬೋರ್ ಅವರ ಪೂರಕತೆಯ ತತ್ತ್ವಕ್ಕೂ ಇರುವ ಸಾಮ್ಯ ಚಿಂತನೆಯ ಕ್ರಮದಲ್ಲಿದೆ.

ಶಿಕ್ಷಣದ ಹೊಣೆ

1961ರಿಂದ 1973ರವರೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧ್ಯಕ್ಷರಾಗಿದ್ದ ಕೊಠಾರಿಯವರು 1964-66ರ ಶಿಕ್ಷಣ ಆಯೋಗವನ್ನೂ ಮುನ್ನಡೆಸಿದರು. ಬಡವರ, ಸಿರಿವಂತರ ಮಕ್ಕಳು ಒಂದೇ ನೆರೆಹೊರೆಯ ಶಾಲೆಯಲ್ಲಿ ಕಲಿಯಬೇಕು, ರಾಷ್ಟ್ರೀಯ ಆದಾಯದ ಶೇ. 6ರಷ್ಟು ಶಿಕ್ಷಣಕ್ಕೆ ಸಲ್ಲಬೇಕು ಎಂದು ಆಯೋಗ ಹೇಳಿತು. ನಾಗರಿಕ ಸೇವಾ ಪರೀಕ್ಷೆಯ ಸುಧಾರಣೆಗೆ ನೇಮಿಸಿದ ಸಮಿತಿಗೂ ಅವರೇ ಅಧ್ಯಕ್ಷರು. ಆ ವರದಿಯ ಫಲವಾಗಿ 1979ರಿಂದ ಅಭ್ಯರ್ಥಿಗಳು ಭಾರತೀಯ ಭಾಷೆಗಳಲ್ಲಿ ಉತ್ತರ ಬರೆಯಲು ಅವಕಾಶವಾಯಿತು. ಇಂದು ಐಎಎಸ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಹಳ್ಳಿಯ ಮಕ್ಕಳ ಹಿಂದೆ ಅವರ ಶ್ರಮವೂ ಇದೆ.

1962ರಲ್ಲಿ ಪದ್ಮಭೂಷಣ, 1973ರಲ್ಲಿ ಪದ್ಮವಿಭೂಷಣ ಪುರಸ್ಕಾರಗಳು ಸಂದವು. 1993ರ ಫೆಬ್ರವರಿ 4ರಂದು ಜೈಪುರದಲ್ಲಿ, 86ನೆಯ ವಯಸ್ಸಿನಲ್ಲಿ ಅವರು ನಿಧನರಾದರು. 2011ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು. ವಿಜ್ಞಾನ ಓದುವ ನಮ್ಮ ಸಮಾಜದ ಮಕ್ಕಳು ಧರ್ಮ ಮತ್ತು ವಿಜ್ಞಾನದಲ್ಲಿ ಒಂದನ್ನು ಬಿಡಲೇಬೇಕೇ ಎಂದು ಕೇಳಿದಾಗ, ಹಿರಿಯರು ಹೇಳಬಹುದಾದ ಬದುಕು ಇದು.