ಜಗಲಿ ಶಾಲೆಯನ್ನು ಕಂಡ ಪಿಯೆತ್ರೊ ಡೆಲ್ಲಾ ವಾಲ್ಲೆ

ಕಾರ್ಕಳ ಎಂಬ ಹೆಸರು ಕರಿಕಲ್ಲು ಎಂಬುದರಿಂದ ಬಂತೆಂದು ನಾವೆಲ್ಲ ಶಾಲೆಯಲ್ಲಿದ್ದಾಗಲೇ ಕೇಳಿದ್ದೇವೆ. ಗೊಮ್ಮಟ ಬೆಟ್ಟವನ್ನು ಹತ್ತಿದವರಿಗೆ ಅದಕ್ಕೆ ಬೇರೆ ಸಾಕ್ಷಿ ಬೇಡ. ಇಟಲಿಯಲ್ಲಿ ಗಂಡುಮಕ್ಕಳಿಗೆ ಇಡುವ ಪಿಯೆತ್ರೊ ಎಂಬ ಹೆಸರಿನ ಅರ್ಥವೂ ಕಲ್ಲು ಎಂದೇ. ಗ್ರೀಕ್ ಭಾಷೆಯ ಪೆತ್ರೊಸ್ ಎಂಬ ಪದದಿಂದ ಅದು ಬಂದಿದೆ. ಇಂಗ್ಲಿಷಿನಲ್ಲಿ ಅದು ಪೀಟರ್, ಪೋರ್ಚುಗೀಸರ ಬಾಯಲ್ಲಿ ಪೆದ್ರೊ. ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಪೀಟರ್, ಪೆದ್ರು ಎಂಬ ಹೆಸರುಗಳು ಹೊಸತಲ್ಲ. ಅತ್ತೂರು ಜಾತ್ರೆಯ ಜನಸಂದಣಿಯಲ್ಲಿ ಆ ಹೆಸರು ಕೂಗಿದರೆ ನಾಲ್ಕು ಮಂದಿಯಾದರೂ ತಿರುಗಿ ನೋಡಿಯಾರು.

ಈ ಹೆಸರಿನ ಪ್ರಸಿದ್ಧರು ಇಟಲಿಯಲ್ಲಿ ಅನೇಕರು. ರಫಾಯೆಲ್‌ನಂಥ ಚಿತ್ರಕಾರ ಯಾರ ಚಿತ್ರಶಾಲೆಯಲ್ಲಿ ಪಳಗಿದನೋ ಆ ಪಿಯೆತ್ರೊ ಪೆರುಜಿನೊ ಒಬ್ಬ. 1890ರಲ್ಲಿ ಒಂದೇ ಸಂಗೀತ ನಾಟಕದಿಂದ ಯುರೋಪಿನಲ್ಲೆಲ್ಲ ಹೆಸರಾದ ಪಿಯೆತ್ರೊ ಮಸ್ಕಾನಿ ಇನ್ನೊಬ್ಬ. 1979ರಲ್ಲಿ 200 ಮೀಟರ್ ದೂರವನ್ನು 19.72 ಸೆಕೆಂಡಿನಲ್ಲಿ ಓಡಿ, ಆ ವಿಶ್ವದಾಖಲೆಯನ್ನು 1996ರವರೆಗೂ ಉಳಿಸಿಕೊಂಡ ಪಿಯೆತ್ರೊ ಮೆನ್ನೆಯಾ ಮತ್ತೊಬ್ಬ. ಆದರೆ ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ನಾನು ಪರಿಚಯಿಸಬೇಕೆಂದಿರುವುದು ಸುಮಾರು 400 ವರ್ಷಗಳ ಹಿಂದೆ ನಮ್ಮ ನಾಡಿಗೆ ಬಂದು, ಇಲ್ಲಿಯ ಮಕ್ಕಳು ಲೆಕ್ಕ ಕಲಿಯುವುದನ್ನು ನಿಂತು ನೋಡಿ ಬರೆದಿಟ್ಟುಹೋದ ಪಿಯೆತ್ರೊ ಡೆಲ್ಲಾ ವಾಲ್ಲೆಯನ್ನು.

ಇಮ್ಮಡಿ ಭೈರರಸನು ಕಾರ್ಕಳದಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ್ದು 1586ರಲ್ಲಿ. ಅದೇ ವರ್ಷ ರೋಮ್ ನಗರದ ಒಂದು ಶ್ರೀಮಂತ ಮನೆತನದಲ್ಲಿ ಪಿಯೆತ್ರೊ ಹುಟ್ಟಿದ. ಓದು, ಕವಿತೆ, ಸಂಗೀತ, ಕತ್ತಿವರಸೆ ಎಲ್ಲವೂ ಅವನಿಗೆ ಒಲಿದಿದ್ದವು. ಸಂಪಾದನೆಗಾಗಿ ದುಡಿಯಬೇಕಾದ ಅಗತ್ಯವಿರಲಿಲ್ಲ. ಆದರೆ ಮೆಚ್ಚಿದ ಹುಡುಗಿ ಬೇರೊಬ್ಬನನ್ನು ಮದುವೆಯಾದಾಗ ಮನಸ್ಸು ಮುರಿಯಿತು. ನೇಪಲ್ಸ್‌ನಲ್ಲಿದ್ದ ವೈದ್ಯಶಾಸ್ತ್ರದ ಪ್ರಾಧ್ಯಾಪಕ, ಗೆಳೆಯ ಮಾರಿಯೊ ಸ್ಕಿಪಾನೊ ಅವನಿಗೆ ಪೂರ್ವದೇಶಗಳ ಪ್ರವಾಸ ಮಾಡುವಂತೆ ಸಲಹೆ ಕೊಟ್ಟ. 1614ರ ಜೂನ್‌ನಲ್ಲಿ ವೆನಿಸ್‌ನಿಂದ ಹಡಗು ಹತ್ತಿದ ಪಿಯೆತ್ರೊ ಮತ್ತೆ ರೋಮ್ ಸೇರಿದ್ದು 1626ರ ಮಾರ್ಚ್‌ನಲ್ಲಿ. ಈ ಹನ್ನೆರಡು ವರ್ಷ ಕಂಡದ್ದನ್ನೆಲ್ಲ ಅವನು ದಿನಾಂಕ ಸಹಿತ ಸ್ಕಿಪಾನೊಗೆ ಉದ್ದುದ್ದ ಪತ್ರಗಳಲ್ಲಿ ಬರೆದ. ಆ ಪತ್ರಗಳೇ ಇಂದು ಅವನ ಆಸ್ತಿ.

ಹೋದಲ್ಲೆಲ್ಲ ಅವನು ಮೊದಲು ಮಾಡುತ್ತಿದ್ದ ಕೆಲಸ ಅಲ್ಲಿಯ ಭಾಷೆ ಕಲಿಯುವುದು. ಇಸ್ತಾಂಬುಲ್‌ನಲ್ಲಿ ವರ್ಷಕ್ಕೂ ಮಿಕ್ಕಿ ನಿಂತು ತುರ್ಕಿ ಕಲಿತ. ಮುಂದೆ ಅರಬಿ, ಪಾರಸಿ ಭಾಷೆಗಳೂ ಬಂದವು. ಈಜಿಪ್ಟಿನ ಪಿರಮಿಡ್ಡುಗಳನ್ನೂ ಜೆರುಸಲೇಮನ್ನೂ ನೋಡಿಕೊಂಡು ಬಾಗ್ದಾದಿಗೆ ಬಂದವನು 1616ರಲ್ಲಿ ಅಲ್ಲಿ ಸಿತ್ತಿ ಮಾನಿ ಎಂಬ ಸಿರಿಯನ್ ಕ್ರೈಸ್ತ ತರುಣಿಯನ್ನು ಮದುವೆಯಾದ. ಇಬ್ಬರೂ ಪರ್ಷಿಯಾಕ್ಕೆ ಹೋದರು. ಅಲ್ಲಿಯ ದೊರೆ ಷಾ ಅಬ್ಬಾಸನ ಆಸ್ಥಾನವನ್ನು ಕಂಡರು. 1621ರಲ್ಲಿ ಪಿಯೆತ್ರೊ ಪರ್ಸೆಪೊಲಿಸ್‌ನ ಪಾಳುಬಿದ್ದ ಅರಮನೆಯ ಕಲ್ಲುಗಳ ಮೇಲೆ ಮೊಳೆಯಾಕಾರದ ವಿಚಿತ್ರ ಲಿಪಿಯೊಂದನ್ನು ಕಂಡು ಕೆಲವು ಅಕ್ಷರಗಳನ್ನು ನಕಲು ಮಾಡಿದ. ಓದಲು ಬಾರದಿದ್ದರೂ ಮೊಳೆಗಳ ಚೂಪು ಯಾವ ಕಡೆಗಿದೆ ಎಂಬುದನ್ನು ಗಮನಿಸಿ, ಈ ಲಿಪಿಯನ್ನು ಎಡದಿಂದ ಬಲಕ್ಕೆ ಬರೆಯುತ್ತಿದ್ದಿರಬೇಕೆಂದು ಊಹಿಸಿದ. ಆ ಊಹೆ ಸರಿಯಾಗಿತ್ತು. ವಿದ್ವಾಂಸರು ಆ ಲಿಪಿಯನ್ನು ಓದತೊಡಗಿದ್ದು ಸುಮಾರು 200 ವರ್ಷಗಳ ನಂತರ.

ಆ ವರ್ಷದ ಕೊನೆಯಲ್ಲಿ, ಹಡಗು ಹತ್ತಲು ಹೊರ್ಮುಜ್ ಕಡೆಗೆ ಹೋಗುತ್ತಿದ್ದಾಗ, ಮಾನಿ ಜ್ವರದಿಂದ ತೀರಿಕೊಂಡಳು. ಹೆಂಡತಿಯನ್ನು ಪರದೇಶದ ಮಣ್ಣಿನಲ್ಲಿ ಬಿಟ್ಟುಹೋಗಲು ಪಿಯೆತ್ರೊಗೆ ಮನಸ್ಸಾಗಲಿಲ್ಲ. ದೇಹವನ್ನು ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ದೇಶದಿಂದ ದೇಶಕ್ಕೆ ಒಯ್ದು, ಕೊನೆಗೆ ರೋಮ್‌ನಲ್ಲಿ ತನ್ನ ಮನೆತನದ ಸಮಾಧಿಯಲ್ಲಿ ಇರಿಸಿದ. 1623ರ ಫೆಬ್ರವರಿಯಲ್ಲಿ ಸೂರತ್ ಬಂದರಿನಲ್ಲಿ ಇಳಿದ ಮನುಷ್ಯ ಅಂಥ ದುಃಖವನ್ನು ಹೊತ್ತವನು.

ಸೂರತ್, ಖಂಭಾತ್, ಅಹಮದಾಬಾದ್ ನೋಡಿ ಅವನು ಗೋವಾಕ್ಕೆ ಬಂದ. ಆಗ ಮಲೆನಾಡಿನ ಇಕ್ಕೇರಿಯಲ್ಲಿ ಕೆಳದಿಯ ವೆಂಕಟಪ್ಪ ನಾಯಕ ಆಳುತ್ತಿದ್ದ. ಕಾಳುಮೆಣಸಿನ ನಾಡು ಅವನ ಕೈಯಲ್ಲಿತ್ತು. ಮಂಗಳೂರಿನ ಬಂಗರಸನಿಗೂ ಉಳ್ಳಾಲದ ರಾಣಿಗೂ ಇದ್ದ ಜಗಳದಲ್ಲಿ ನಾಯಕ ರಾಣಿಯ ಪಕ್ಷ, ಪೋರ್ಚುಗೀಸರು ಬಂಗರಸನ ಪಕ್ಷ. ಮಾತುಕತೆಗೆಂದು ಪೋರ್ಚುಗೀಸರು ಇಕ್ಕೇರಿಗೆ ರಾಯಭಾರಿಯನ್ನು ಕಳಿಸಿದಾಗ ಪಿಯೆತ್ರೊ ಜೊತೆಗೆ ಹೊರಟ. ನಾಯಕನ ಕಡೆಯಿಂದ ಅವರೊಡನೆ ಇದ್ದ ದೂತನ ಹೆಸರನ್ನು ಅವನು ವಿಠುಲ ಸಿನಾಯ್ ಎಂದು ಬರೆದಿದ್ದಾನೆ. ಅದು ವಿಠಲ ಶೆಣೈ ಎಂಬುದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೊನ್ನಾವರ, ಗೇರುಸೊಪ್ಪೆಗಳನ್ನು ದಾಟಿ ಘಟ್ಟ ಹತ್ತಿದ ತಂಡ ದಾರಿಯಲ್ಲಿ ಒಂದು ಊರಿನಲ್ಲಿ ತಂಗಿತು. ಅಲ್ಲಿಯ ದೇವಸ್ಥಾನದ ಜಗಲಿಯಲ್ಲಿ ಪಿಯೆತ್ರೊ ಕಂಡದ್ದು ನಾಲ್ಕು ಹುಡುಗರನ್ನು. ಅವರು ಲೆಕ್ಕ ಕಲಿಯುತ್ತಿದ್ದರು. ಮೇಷ್ಟ್ರು ಹತ್ತಿರ ಇರಲಿಲ್ಲ. ಕಾಗದವಿಲ್ಲ, ಲೇಖನಿಯಿಲ್ಲ. ನೆಲದ ಮೇಲೆ ನುಣ್ಣನೆಯ ಮರಳನ್ನು ಹರಡಿಕೊಂಡಿದ್ದರು. ಒಬ್ಬ ಹುಡುಗ ಪಾಠದ ಒಂದು ಸಾಲನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನ ಮೇಲೆ ಅಂಕಿಯನ್ನು ಬರೆಯುತ್ತಿದ್ದ. ಉಳಿದ ಮೂವರೂ ಅದೇ ರಾಗದಲ್ಲಿ ಅದನ್ನೇ ಹೇಳಿ ಅದನ್ನೇ ಬರೆಯುತ್ತಿದ್ದರು. ನೆಲ ತುಂಬಿದಾಗ ಕೈಯಿಂದ ಒರಸಿ, ಬೇಕಾದರೆ ಹೊಸ ಮರಳು ಹರಡಿ, ಮುಂದಿನ ಸಾಲು.

ಪಿಯೆತ್ರೊ ಕುತೂಹಲದಿಂದ ವಿಚಾರಿಸಿದ: ಯಾರಿಗಾದರೂ ಪಾಠ ಮರೆತರೆ, ತಪ್ಪು ಬರೆದರೆ, ಮೇಷ್ಟ್ರಿಲ್ಲದೆ ತಿದ್ದುವವರು ಯಾರು? ಹುಡುಗರು ಕೊಟ್ಟ ಉತ್ತರ ಸರಳವಾಗಿತ್ತು. ನಾಲ್ವರೂ ಒಂದೇ ಹೊತ್ತಿಗೆ ಒಂದೇ ವಿಷಯವನ್ನು ಮರೆಯುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಇನ್ನೊಬ್ಬ ತಿದ್ದುತ್ತಾನೆ, ಅದಕ್ಕೇ ಒಟ್ಟಿಗೆ ಕೂತು ಕಲಿಯುತ್ತೇವೆ ಎಂಬುದು ಅದರ ಸಾರಾಂಶ. ಈ ಕ್ರಮ ಸುಲಭವೂ ಗಟ್ಟಿಯೂ ಆದದ್ದೆಂದು ಪಿಯೆತ್ರೊ ಮೆಚ್ಚಿ ಬರೆದ.

ಹಿಂದೆ ನಮ್ಮ ಊರುಗಳಲ್ಲಿ ಐಗಳ ಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿ, ಮಗ್ಗಿ ಬಾಯಿಪಾಠ ಮಾಡಿದವರ ಕಥೆಯನ್ನು ಹಿರಿಯರಿಂದ ಕೇಳಿದವರಿಗೆ ಈ ಚಿತ್ರ ಅಪರಿಚಿತವಲ್ಲ. ಇದಕ್ಕೆ ಒಂದು ದೊಡ್ಡ ಮುಂದುವರಿಕೆಯೂ ಇದೆ. ಮದರಾಸಿನ ಅನಾಥಾಲಯದ ಶಾಲೆಯೊಂದರ ಹೊಣೆ ಹೊತ್ತಿದ್ದ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ನಮ್ಮ ಮಕ್ಕಳು ಹೀಗೆ ಮರಳಿನ ಮೇಲೆ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿ ಅದನ್ನು ಅಳವಡಿಸಿಕೊಂಡ. ಮಕ್ಕಳೇ ಮಕ್ಕಳಿಗೆ ಕಲಿಸುವ ಆ ಕ್ರಮವನ್ನು 1797ರಲ್ಲಿ ಲಂಡನ್‌ನಲ್ಲಿ ಪುಸ್ತಕ ಮಾಡಿ ಅಚ್ಚು ಹಾಕಿಸಿದ. ಮದರಾಸ್ ಪದ್ಧತಿ ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹರಡಿತು. ಘಟ್ಟದ ಜಗಲಿಯ ನಾಲ್ಕು ಹುಡುಗರು ಪಿಯೆತ್ರೊನ ಪತ್ರದಲ್ಲಿ ಸೇರಿದ್ದು ಅದಕ್ಕೂ 170 ವರ್ಷಗಳಷ್ಟು ಹಿಂದೆ.

ಸಾಫ್ಟ್‌ವೇರ್ ಕೆಲಸದಲ್ಲಿ ನಾವು ಬರೆದ ಕೋಡನ್ನು ಇನ್ನೊಬ್ಬರು ಓದಿ ಒಪ್ಪದೆ ಮುಂದೆ ಕಳಿಸುವ ಹಾಗಿಲ್ಲ. ಮುಖ್ಯವಾದ ಮಾಹಿತಿಯನ್ನು ಒಂದೇ ಯಂತ್ರದಲ್ಲಿ ಇಡುವುದಿಲ್ಲ, ಹಲವು ಕಡೆ ಇಡುತ್ತೇವೆ. ಎಲ್ಲವೂ ಒಟ್ಟಿಗೆ ಕೆಡಲಾರವು ಎಂಬುದೇ ಅಲ್ಲಿರುವ ನಂಬಿಕೆ. ಆ ಹುಡುಗರು ಹೇಳಿದ್ದೂ ಅದನ್ನೇ.

ಇಕ್ಕೇರಿಯಲ್ಲಿ ಪಿಯೆತ್ರೊ ಅಗಲವಾದ ಬೀದಿಗಳನ್ನು, ನಾಯಕನ ಸಭೆಯನ್ನು, ಸಂಜೆ ಹುಡುಗಿಯರು ಗುಂಪುಗೂಡಿ ಬಣ್ಣದ ಕೋಲು ಹಿಡಿದು ಆಡುವ ಕೋಲಾಟವನ್ನು ಕಂಡ. ಸಹಗಮನಕ್ಕೆ ಸಿದ್ಧಳಾಗಿದ್ದ ಹೆಣ್ಣುಮಗಳೊಬ್ಬಳ ಮನೆಗೆ ಹೋಗಿ, ಬೇಡವೆಂದು ಹೇಳಿಯೂ ನೋಡಿದ. ಆಕೆ ಕೇಳಲಿಲ್ಲ. ಪದ್ಧತಿಯನ್ನು ಮೆಚ್ಚದ ಅವನು ಆಕೆಯ ಧೈರ್ಯದ ಮೇಲೆ ಕವಿತೆ ಬರೆದ.

ಘಟ್ಟ ಇಳಿದು ಬಸ್ರೂರಿನ ಮೂಲಕ ಮಂಗಳೂರಿಗೆ ಬಂದದ್ದು 1623ರ ಡಿಸೆಂಬರ್‌ನಲ್ಲಿ. ಆಗ ಅವನು ಭೇಟಿಯಾಗಲು ಹೋದದ್ದು ಉಳ್ಳಾಲದ ಚೌಟ ಮನೆತನದ ರಾಣಿ ಅಬ್ಬಕ್ಕನನ್ನು. ರಾಣಿ ಮಣೇಲಿನಲ್ಲಿದ್ದಳು. ಅದು ಇಂದಿನ ಗಂಜಿಮಠದ ಬಳಿಯ ಮಳಲಿ ಮಣೇಲ್ ಎಂದು ಗುರುತಿಸುತ್ತಾರೆ. ಅರಮನೆಯಲ್ಲಿ ಸಿಂಹಾಸನದ ಮೇಲೆ ಕಾಣುವೆನೆಂದುಕೊಂಡು ಹೊರಟವನಿಗೆ ರಾಣಿ ಸಿಕ್ಕಿದ್ದು ಬಯಲಿನಲ್ಲಿ, ನೀರಿನ ತೋಡು ತೋಡಿಸುವ ಕೆಲಸವನ್ನು ನೋಡುತ್ತಿದ್ದಾಗ. ಬರಿಗಾಲು, ಸೊಂಟಕ್ಕೆ ಸಾದಾ ಹತ್ತಿಯ ಬಟ್ಟೆ, ಬಿಸಿಲಿಗೆ ತಾಳೆಗರಿಯ ಕೊಡೆ. ಸುಮಾರು 40ರ ಪ್ರಾಯ. ನೋಡಲು ಅಡುಗೆಯವಳಂತೆ ಕಂಡಳೆಂದು ಪಿಯೆತ್ರೊ ಬರೆದದ್ದು ಅವನ ಕಾಲದ ಯುರೋಪಿನ ಶ್ರೀಮಂತನ ಕಣ್ಣು. ಆದರೆ ಮಾತಾಡತೊಡಗಿದ ಮೇಲೆ ಆಕೆಯ ಬುದ್ಧಿಯೂ ಘನತೆಯೂ ರಾಣಿಯದೇ ಎಂದು ಅವನೇ ಒಪ್ಪಿಕೊಂಡ.

ದುಭಾಷಿಯ ಮೂಲಕ ರಾಣಿ ಅವನ ಊರು, ನೋಡಿದ ದೇಶಗಳು ಎಲ್ಲವನ್ನೂ ವಿಚಾರಿಸಿದಳು. ಇಷ್ಟು ದೂರ ಅಲೆಯಲು ಕಾರಣವೇನು, ಪ್ರೀತಿಯಲ್ಲಿ ನೋವಾಯಿತೋ, ಹತ್ತಿರದವರು ಯಾರಾದರೂ ತೀರಿಹೋದರೋ ಎಂದೂ ಕೇಳಿದಳು. ಎರಡೂ ನಿಜವಾಗಿದ್ದವು. ಪಿಯೆತ್ರೊ ಅದನ್ನು ಬಾಯಿಬಿಡಲಿಲ್ಲ. ಬೇರೆ ಬೇರೆ ದೇಶ, ಆಚಾರಗಳನ್ನು ನೋಡಿ ಕಲಿಯುವ ಆಸೆಯಿಂದ ಹೊರಟೆನೆಂದಷ್ಟೇ ಹೇಳಿದ. ತೋಡಿನ ಬದಿಯಲ್ಲಿ ನಿಂತು ಪರದೇಶಿಯ ಮನಸ್ಸನ್ನು ಓದಿದ ರಾಣಿ, ಕೋಟೆ ಕಾದ ರಾಣಿಯಷ್ಟೇ ನೆನಪಿನಲ್ಲಿ ಇರಬೇಕಾದವಳು.

ಕದ್ರಿಗೂ ಪಿಯೆತ್ರೊ ಹೋದ. ಜೋಗಿಗಳ ಅರಸನೆಂದು ಹೆಸರಾಗಿದ್ದವನು ಅಲ್ಲಿ ಸಾಮಾನ್ಯ ರೈತನ ಹಾಗೆ ತನ್ನ ಕೆಲಸದಲ್ಲಿ ತೊಡಗಿದ್ದ. ಬಿಳಿ ಗಡ್ಡದ, ಗಟ್ಟಿಮುಟ್ಟಾದ ಮುದುಕ. ನಮ್ಮ ನಾಡಿನಲ್ಲಿ ಪಿಯೆತ್ರೊ ಕಂಡ ದೊಡ್ಡವರು ಹೆಚ್ಚಿನವರು ಹೀಗೆ ಕೆಲಸದ ನಡುವೆಯೇ ಕಂಡವರು.

ಅವನು ಕಾರ್ಕಳಕ್ಕೆ ಬರಲಿಲ್ಲ. ಮುಂದೆ ಕಲ್ಲಿಕೋಟೆಯವರೆಗೆ ಹೋಗಿ, ಗೋವಾಕ್ಕೆ ಮರಳಿ, ಮಸ್ಕತ್, ಬಸ್ರಾ, ಅಲೆಪ್ಪೊ ದಾರಿಯಾಗಿ ಊರು ಸೇರಿದ. ಮಾನಿ ಸಾಕಿದ್ದ ಜಾರ್ಜಿಯಾದ ಅನಾಥ ಹುಡುಗಿ ಮಾರಿಯಾ ತಿನಾತಿನ್ ಈ ಪ್ರವಾಸದಲ್ಲಿ ಅವನೊಂದಿಗಿದ್ದಳು. ರೋಮ್‌ನಲ್ಲಿ ಅವಳನ್ನು ಮದುವೆಯಾದ. 14 ಮಕ್ಕಳಾದರು. ಸಂತನೇನೂ ಅಲ್ಲ, ಮುಂಗೋಪಿ. ಜಗಳವೊಂದರಲ್ಲಿ ಪೋಪ್ ಅವರ ಗಾಡಿ ಹೊಡೆಯುವವನನ್ನು ಕೊಂದು ಕೆಲಕಾಲ ರೋಮ್ ಬಿಟ್ಟಿರಬೇಕಾಯಿತು. ಪತ್ರಗಳ ಮೊದಲ ಸಂಪುಟ 1650ರಲ್ಲಿ ಅಚ್ಚಾಯಿತು. 1652ರಲ್ಲಿ ಅವನು ತೀರಿಕೊಂಡ. ಭಾರತದ ಪತ್ರಗಳು ಹೊರಬಂದದ್ದು 1663ರಲ್ಲಿ, ಅವನ ಮಕ್ಕಳ ಶ್ರಮದಿಂದ.

ಘಟ್ಟದ ಆ ನಾಲ್ಕು ಹುಡುಗರ ಹೆಸರು ಯಾರಿಗೂ ತಿಳಿಯದು. ಅವರ ಮೇಷ್ಟ್ರ ಹೆಸರೂ ಇಲ್ಲ. ಆ ಕಾಲದ ನಮ್ಮ ಅರಸರು ದಾನ, ಗೆಲುವುಗಳನ್ನು ಕಲ್ಲಿನ ಮೇಲೆ ಕೆತ್ತಿಸಿದರು. ಮಕ್ಕಳ ಮಗ್ಗಿಯನ್ನು ಕೆತ್ತಿಸುವವರಿರಲಿಲ್ಲ. ಅದು ಮರಳಿನ ಮೇಲಿನ ಬರಹ, ಕೈಯಾಡಿಸಿದರೆ ಮುಗಿಯಿತು. ಕಲ್ಲು ಎಂಬ ಅರ್ಥದ ಹೆಸರಿನ ಪರದೇಶಿಯೊಬ್ಬ ನಿಂತು ನೋಡಿ ಬರೆದದ್ದರಿಂದ ಅದು ಉಳಿಯಿತು.

ನಮ್ಮ ಶಾಲೆಯ ಐವತ್ತು ವರ್ಷಗಳಲ್ಲೂ ಮರಳಿನ ಮೇಲಿನ ಬರಹದಂಥ ಸಂಗತಿಗಳು ಎಷ್ಟೋ ಇವೆ. ಕಟ್ಟಡ ಯಾವಾಗ ಆಯಿತು, ಮುಖ್ಯೋಪಾಧ್ಯಾಯರು ಯಾರು ಯಾರು ಎಂಬುದು ದಾಖಲೆಯಲ್ಲಿರುತ್ತದೆ. ಒಂದು ವಿಷಯಕ್ಕೆ ಅಧ್ಯಾಪಕರಿಲ್ಲದ ವರ್ಷ ಮಕ್ಕಳು ಪರಸ್ಪರ ಹೇಗೆ ಪಾಠ ಹೇಳಿಕೊಂಡರು, ಮಳೆಗಾಲದಲ್ಲಿ ತೋಡು ತುಂಬಿದಾಗ ಯಾವ ದಾರಿಯಾಗಿ ಶಾಲೆಗೆ ಬಂದರು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಯಾರ ಮನೆಯ ಚಾವಡಿಯಲ್ಲಿ ಕೂತು ಓದಿದರು ಎಂಬುದು ಯಾವ ಫೈಲಿನಲ್ಲೂ ಇರುವುದಿಲ್ಲ. ಈಗ ಓದುತ್ತಿರುವ ತಮ್ಮ ತಂಗಿಯರು ವರ್ಷಕ್ಕೊಮ್ಮೆ ತಮ್ಮ ಶಾಲೆಯ ಒಂದು ದಿನವನ್ನು ದಿನಾಂಕ ಹಾಕಿ ಒಂದು ಪುಟದಲ್ಲಿ ಬರೆದು ಗ್ರಂಥಾಲಯದಲ್ಲಿ ಇಡಲಿ. ಹಳೆ ವಿದ್ಯಾರ್ಥಿಗಳಾದ ನಾವೂ ಬರೆಯೋಣ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ತಿದ್ದಿಯಾರು.