ಕೆಂಪು ಚಿನ್ನ ಮತ್ತು ಫ್ಯಾರಡೆ

ಮಕ್ಕಳೇ, ಚಿನ್ನದ ಬಣ್ಣ ಯಾವುದು? ಹಳದಿ ಎಂದು ಥಟ್ಟನೆ ಹೇಳುತ್ತೀರಿ, ಅಲ್ಲವೇ? ಆದರೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮಾಣಿಕ್ಯದಂತೆ ಕೆಂಪಾದ ಚಿನ್ನದ ದ್ರವವಿದೆ! ಅದನ್ನು ತಯಾರಿಸಿದವರು ಮೈಕೇಲ್ ಫ್ಯಾರಡೆ.

ಫ್ಯಾರಡೆ 1791ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನಲ್ಲಿ ಹುಟ್ಟಿದರು. ತಂದೆ ಕಮ್ಮಾರ. ಮನೆಯಲ್ಲಿ ಬಡತನ. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಲೆಕ್ಕ ಅಷ್ಟೇ. 14ನೆಯ ವಯಸ್ಸಿಗೆ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿದರು. ರಟ್ಟು ಹಾಕಲು ಬಂದ ವಿಜ್ಞಾನ ಪುಸ್ತಕಗಳನ್ನು ಬಿಡದೆ ಓದಿದರು. ವಿಜ್ಞಾನಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ ಟಿಪ್ಪಣಿ ಬರೆದು, ತಾವೇ ರಟ್ಟು ಕಟ್ಟಿ ಅವರಿಗೆ ಕಳುಹಿಸಿದರು. 1813ರಲ್ಲಿ ಡೇವಿಯವರ ಪ್ರಯೋಗಾಲಯದಲ್ಲಿ ಸಹಾಯಕರಾದರು. 1831ರಲ್ಲಿ ಕಾಂತದ ಚಲನೆಯಿಂದ ವಿದ್ಯುತ್ ಪಡೆಯಬಹುದೆಂದು ತೋರಿಸಿ ಪ್ರಸಿದ್ಧರಾದರು.

1856ರಲ್ಲಿ ಅವರಿಗೆ 64 ದಾಟಿತ್ತು. ನೆನಪು ಆಗಾಗ ಕೈಕೊಡುತ್ತಿತ್ತು. ಆದರೂ ಹೊಸ ಪ್ರಶ್ನೆಯೊಂದನ್ನು ಹಿಡಿದರು: ಲೋಹದ ಮೇಲೆ ಬಿದ್ದ ಬೆಳಕು ಏನಾಗುತ್ತದೆ? ತೆಳುವಾದ ಚಿನ್ನದ ಹಾಳೆಯ ಮೂಲಕ ನೋಡಿದರು; ಹಸಿರು ಬೆಳಕು ಕಂಡಿತು! ಚಿನ್ನದ ಲವಣದ ದ್ರಾವಣಕ್ಕೆ ರಂಜಕ ಸೇರಿಸಿದರು. ಕೆಂಪು ದ್ರವ ಸಿಕ್ಕಿತು. ಅದಕ್ಕೆ ಉಪ್ಪು ಹಾಕಿದರೆ ನೀಲಿ! ದ್ರವದೊಳಗೆ ಬೆಳಕಿನ ಕಿರಣ ಹಾಯಿಸಿದಾಗ ಅದರ ದಾರಿ ಕಾಣಿಸಿತು. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು ಅಲ್ಲಿ ತೇಲುತ್ತಿವೆ ಎಂದು ಫ್ಯಾರಡೆ ತಿಳಿದರು. 1857ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು.

ಬಣ್ಣ ಬದಲಾಗುವುದೇಕೆ? ಇದಕ್ಕೆ ಪೂರ್ಣ ಉತ್ತರ ಅವರಿಗೆ ಸಿಗಲಿಲ್ಲ. ಏಕೆಂದರೆ ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ. ಫ್ಯಾರಡೆ 1867ರಲ್ಲೇ ತೀರಿಕೊಂಡಿದ್ದರು.

ಉತ್ತರ ಈಗ ನಮಗೆ ಗೊತ್ತು. ಜೋಕಾಲಿಯನ್ನು ಸರಿಯಾದ ಲಯದಲ್ಲಿ ತಳ್ಳಿದರೆ ಜೋರಾಗಿ ತೂಗುತ್ತದೆಯಲ್ಲವೇ? ಹಾಗೆಯೇ ಹಸಿರು ಬೆಳಕಿನ ಲಯಕ್ಕೆ ಚಿನ್ನದ ಕಣದ ಎಲೆಕ್ಟ್ರಾನುಗಳು ತೂಗಾಡುತ್ತವೆ. ಹಸಿರನ್ನು ಕಣ ಹೀರುತ್ತದೆ. ಕೆಂಪು ದಾಟಿ ಬರುತ್ತದೆ. ಉಪ್ಪು ಹಾಕಿದಾಗ ಕಣಗಳು ಗುಂಪುಗೂಡುತ್ತವೆ, ಲಯ ಬದಲಾಗುತ್ತದೆ, ಬಣ್ಣವೂ ಬದಲಾಗುತ್ತದೆ.

ಲೋಹಕ್ಕೆ ಅಂಟಿದ ಈ ಬೆಳಕಿನ ಅಲೆ ಕ್ಷಣಮಾತ್ರದಲ್ಲಿ ಶಾಖವಾಗಿ ಅಡಗಿಬಿಡುತ್ತದೆ. ತೂಗುವ ಜೋಕಾಲಿಯನ್ನು ಮತ್ತೆ ಮತ್ತೆ ತಳ್ಳುವಂತೆ ಇದಕ್ಕೂ ಶಕ್ತಿ ತುಂಬಿದರೆ? 2003ರಲ್ಲಿ ವಿಜ್ಞಾನಿಗಳು ಈ ಉಪಾಯ ಸೂಚಿಸಿದರು. 2009ರಲ್ಲಿ ಚಿನ್ನದ ಕಣದ ಸುತ್ತ ಹೊಳೆಯುವ ಬಣ್ಣವಿರುವ ಕವಚ ಹೊದಿಸಿ, ಅಲೆಯನ್ನು ವರ್ಧಿಸಿ ತೋರಿಸಿದರು. ಕವಚವೂ ಸೇರಿ ಅದರ ಅಗಲ ಕೇವಲ 44 ನ್ಯಾನೋಮೀಟರ್. ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೋಮೀಟರುಗಳಿವೆ! ಈ ಪುಟ್ಟ ಸಾಧನದ ಹೆಸರು ಸ್ಪೇಸರ್.

ನೋಡಿದಿರಾ, ರಟ್ಟು ಕಟ್ಟುತ್ತಿದ್ದ ಹುಡುಗ ದೊಡ್ಡವನಾಗಿ ಕೇಳಿದ ಪ್ರಶ್ನೆ ಎಷ್ಟು ದೂರ ಬಂದಿದೆ! ನಿಮಗೂ ಉತ್ತರ ಸಿಗದ ಪ್ರಶ್ನೆಗಳಿರಬಹುದು. ಅವನ್ನು ಬರೆದಿಡಿ, ಬಿಡಬೇಡಿ.